ಗಂಟು ಬಿಚ್ಚೋ ಅಕ್ಕನ ಹದಿನಾಲ್ಕು ಸಾಲು

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತ ಸೊಸೆಗೆ ಒಳಕೋಣೆಯಿಂದ ಅತ್ತೆಯ ಆಜ್ಞೆ ಬರುತ್ತದೆ, ಮೂರೂ ಒಂದೇ ಉಸಿರಿಗೆ. "ಬೆಕ್ಕನ್ನ ಆಚೆ ಹಾಕು, ಕಿಟಕಿ ಮುಚ್ಚು, ಹಾಲು ಕಾಸು." ಸೊಸೆ ಎದ್ದು, ಹೇಳಿದ ಕ್ರಮದಲ್ಲೇ ಒಂದೊಂದಾಗಿ ಮುಗಿಸುತ್ತಾಳೆ. ಒಮ್ಮೆ ಹಿಂದುಮುಂದಾಗಿ ಕಿಟಕಿ ಮೊದಲು ಮುಚ್ಚಿದ್ದಳಂತೆ, ಬೆಕ್ಕು ಒಳಗೇ ಉಳಿಯಿತಂತೆ. ಅಂದಿನಿಂದ ಹಾಲಿನ ಪಾತ್ರೆ ತನ್ನದೇ ಎಂದು ಬೆಕ್ಕು ನಂಬಿದೆ.

ದೊಡ್ಡ ಆಸ್ಪತ್ರೆಯೊಂದರಲ್ಲಿ ಯಾವ ಹಾಸಿಗೆ ಖಾಲಿ, ಯಾವುದು ಭರ್ತಿ ಎಂದು ಪರದೆಯ ಮೇಲೆ ತೋರಿಸುವ ಜಾವಾಸ್ಕ್ರಿಪ್ಟ್ ಕೋಡ್ ಈಕೆಯ ಕೈಯಲ್ಲಿದೆ. ಇನ್ನೂರ ಹನ್ನೆರಡು ಹಾಸಿಗೆಗಳ ಸಂಗತಿ 'ಸ್ಟೋರ್' ಎಂಬ ಒಂದೇ ಕಡೆ ಇರುತ್ತದೆ. ಈ ಸ್ಟೋರ್ ಬಲು ಹಟಮಾರಿ. ಸಲಕ್ಕೆ ಒಂದೇ ಆಜ್ಞೆ ಕೇಳುತ್ತದೆ. ಗಂಟು ಕಟ್ಟಿ ಕೊಟ್ಟರೆ ಮುಖ ತಿರುಗಿಸುತ್ತದೆ. ನರ್ಸ್ 'ಬಿಡುಗಡೆ' ಗುಂಡಿ ಒತ್ತಿದರೆ ಹೊರಡುವುದೋ ಮೂರರ ಗಂಟು: ರೋಗಿ ಹೊರಟರು, ಬೆಡ್‌ಶೀಟ್ ಬದಲಿಸಿ, ಹೊಸಬರು ಬರಬಹುದು. ನಡುವೆ ನಿಂತು ಗಂಟು ಬಿಚ್ಚಿ, ಒಂದರ ಹಿಂದೊಂದನ್ನು ಒಳಗೆ ಬಿಡುವುದು ಈಕೆ ಬರೆದ ಹದಿನಾಲ್ಕು ಸಾಲಿನ ಮಿಡಲ್‌ವೇರ್. ಆಫೀಸಿನಲ್ಲಿ ಆಕೆ 'ಗಂಟು ಬಿಚ್ಚೋ ಅಕ್ಕ'. ದಿನಕ್ಕೆ ಮೂವತ್ತು ಗಂಟು, ಎಂಟು ವರ್ಷ, ಒಂದೂ ದೂರಿಲ್ಲ. ಹಾಗಾಗಿ ಆ ಸಾಲುಗಳು ಇವೆಯೆಂದೇ ಯಾರಿಗೂ ನೆನಪಿಲ್ಲ.

ಆಫೀಸಿನ ಹೊಸ ಸಾಹೇಬರ ಕಣ್ಣಿಗೆ ಮಾತ್ರ ನಿನ್ನೆ ಬಿದ್ದವು. "ಇದೇನೂ ಮಾಡ್ತಾನೇ ಇಲ್ವಲ್ಲ ಮೇಡಂ. ತೆಗೆದ್ಬಿಡಿ. ನರ್ಸ್‌ಗಳು ಮೂರು ಗುಂಡಿ ಒತ್ಕೊಳ್ಳಲಿ." ತೀರ್ಮಾನ ಇವತ್ತು ಒಂಬತ್ತಕ್ಕೆ.

"ನರ್ಸಮ್ಮನಿಗಿರೋದು ಎರಡೇ ಕೈ," ಎನ್ನುತ್ತಾಳೆ ಅಕ್ಕ, ಮನೆಯಿಂದ ಹೊರಡಲು ಚಪ್ಪಲಿ ಮೆಟ್ಟುತ್ತ. "ಒಂದು ಕೈ ರೋಗಿನ ಹಿಡ್ಕೊಂಡಿರುತ್ತೆ. ನಾನಂತೂ ತೆಗೆಯೋಕೆ ಬಿಡಲ್ಲ."

ಒಂಬತ್ತಕ್ಕೆ ಆಸ್ಪತ್ರೆಯಲ್ಲಿ, ಆ ಹದಿನಾಲ್ಕು ಸಾಲು ತೆಗೆದ ಪ್ರಯೋಗದ ಪರದೆ ಹೊತ್ತಿಕೊಳ್ಳುತ್ತದೆ. ಸಾಹೇಬರ ಎಡಗೈಗೆ ಆಕೆ ಗಾಲಿಕುರ್ಚಿಯೊಂದನ್ನು ಒಪ್ಪಿಸುತ್ತಾಳೆ. ಅದರಲ್ಲಿ ಕೂತವನು ಆಸ್ಪತ್ರೆಯ ಅತ್ಯಂತ ತೂಕದ ಕಾವಲುಗಾರ.

"ತಳ್ತಾ ಒತ್ತಿ ಸರ್. ಹತ್ತು ಹಾಸಿಗೆ, ಮೂರು ಮೂರು ಗುಂಡಿ."

ನಾಲ್ಕನೇ ಹಾಸಿಗೆಗೆ ಸಾಹೇಬರು ಬೆಡ್‌ಶೀಟ್ ಮರೆಯುತ್ತಾರೆ. ಏಳನೆಯದರಲ್ಲಿ ಹಳಬರು ಏಳುವ ಮೊದಲೇ ಹೊಸಬರನ್ನು ಕರೆಯುತ್ತಾರೆ. ಪರದೆಯ ಮೇಲೆ ಒಂದೇ ಹಾಸಿಗೆಯಲ್ಲಿ ಇಬ್ಬರು.

"ನಾನೊಬ್ಬ ಮಲಗಿದ್ರೇ ಜಾಗ ಸಾಲಲ್ಲ ಸರ್," ಎನ್ನುತ್ತಾನೆ ಕಾವಲುಗಾರ.

ಸಾಹೇಬರು ಕುರ್ಚಿ ಬಿಟ್ಟು ಕುತ್ತಿಗೆ ಒರೆಸಿಕೊಳ್ಳುತ್ತಾರೆ. "ಇರಲಿ ಬಿಡಿ. ಹದಿನಾಲ್ಕು ಸಾಲು ತಾನೆ."

ಅಕ್ಕ ಕೋಡಿನ ನೆತ್ತಿಯ ಮೇಲೆ, ಮುಂದೆ ಓದುವವರಿಗಾಗಿ, ಹದಿನೈದನೆಯ ಸಾಲು ಬರೆಯುತ್ತಾಳೆ: 'ತೆಗೆಯುವ ಮುಂಚೆ ಒಂದು ಕೈಯಲ್ಲಿ ಗಾಲಿಕುರ್ಚಿ ತಳ್ಳಿ ನೋಡಿ.'

ಬೇರೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಕ್ಕನ ಉತ್ತರ:

"ಇನ್ನೂ ಎಂಟು ವರ್ಷ ಯಾರಿಗೂ ಇದರ ನೆನಪು ಬರದೇ ಇದ್ರೆ ಸಾಕು. ಸರಿಯಾಗಿ ನಡೀತಿದೆ ಅಂತ ಅರ್ಥ."