ನಕ್ಕರೆ ಕುಸಿಯುತ್ತಿದ್ದ ದೇವಿ ಅಕ್ಕೋರು

೧೯೬೧ರಲ್ಲಿ ನಾನು ಹೊನ್ನಾವರ ತಾಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಜೊತೆಗೆ ಕಾಗಾಲದ ದೇವಿ ಅಕ್ಕೋರು ಇದ್ದರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುವುದು. ಇಬ್ಬರದೂ ಅಕ್ಕಪಕ್ಕದ ಬಾಡಿಗೆ ಕೋಣೆ. ರಾತ್ರಿ ಊಟವೂ ಒಟ್ಟಿಗೆ.

ಅವರು ಲೆಕ್ಕ ಕಲಿಸಿದರೆ ಎಂಥ ಮಕ್ಕಳಿಗೂ ತಿಳಿಯುತ್ತಿತ್ತು. ಆದರೆ ಹಾಡುಹಗಲೇ, ಬೋರ್ಡಿನ ಮೇಲೆ ಬರೆಯುತ್ತಿದ್ದಂತೆಯೇ ನಿದ್ದೆ ಹೋಗುತ್ತಿದ್ದರು. ಜೋರಾಗಿ ನಕ್ಕರಂತೂ ಮೊಣಕಾಲು ಸೋತು ಕುಸಿದುಬಿಡುತ್ತಿದ್ದರು.

"ರಾತ್ರಿಯೆಲ್ಲ ಎಂತ ಮಾಡ್ತ್ರಿ ಅಕ್ಕೋರೇ?" ಎಂದು ನಾನೇ ಎಲ್ಲರೆದುರು ಚೇಷ್ಟೆ ಮಾಡುತ್ತಿದ್ದೆ.

"ನಿದ್ದೆನೇ ಮಾಡ್ತೆ ಮಾರಾಯ್ತಿ. ಆದ್ರೂ ಹಗಲು ತಡೂಕೆ ಆಗೂದಿಲ್ಲ" ಎನ್ನುತ್ತಿದ್ದರು.

ಆ ವರ್ಷ ಮಕ್ಕಳ ಸಂಖ್ಯೆ ಇಳಿದು, ನಮ್ಮಿಬ್ಬರಲ್ಲಿ ಒಬ್ಬರಿಗೆ ದೂರದ ವರ್ಗಾವಣೆ ಎಂಬ ಸುದ್ದಿ ಹಬ್ಬಿತ್ತು. ನನ್ನ ಮಗಳು ಆಗಿನ್ನೂ ಎದೆಹಾಲಿನ ಕೂಸು. ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್ ತಪಾಸಣೆಗೆ ಬಂದರು. ಹುಡುಗಿಯೊಬ್ಬಳು ಪದ್ಯವನ್ನು ತಪ್ಪುತಪ್ಪಾಗಿ ಹೇಳಿದಳು. ದೇವಿ ಅಕ್ಕೋರಿಗೆ ನಗು ತಡೆಯಲಾಗಲಿಲ್ಲ. ಇನ್ಸ್‌ಪೆಕ್ಟರರ ಎದುರೇ ಕುಸಿದರು.

"ಇವರು ಕುಡೀತಾರೇನು?" ಎಂದು ಅವರು ನನ್ನನ್ನು ಕೇಳಿದರು.

ದೇವಿ ಅಕ್ಕೋರು ಬಿದ್ದಲ್ಲಿಂದಲೇ ನನ್ನನ್ನು ನೋಡುತ್ತಿದ್ದರು. ಎಚ್ಚರವಿತ್ತು, ಮಾತು ಮಾತ್ರ ಹೊರಡುತ್ತಿರಲಿಲ್ಲ. ಇಲ್ಲ ಎಂಬ ಒಂದು ಮಾತು ಸಾಕಿತ್ತು.

"ನನಗೆ ಗೊತ್ತಿಲ್ಲ ಸರ್. ದಿನಾ ಹೀಗೇ" ಎಂದೆ.

ತಿಂಗಳೊಳಗೆ ಅವರ ಕೆಲಸ ಹೋಯಿತು. ನಾನು ಅಲ್ಲೇ ಉಳಿದೆ.

ಏಳು ವರ್ಷಗಳ ನಂತರ, ಮುಂಬಯಿಯಲ್ಲಿ ಕಲಿತು ಬಂದು ಕುಮಟೆಯಲ್ಲಿದ್ದ ಡಾಕ್ಟರೊಬ್ಬರಿಗೆ ಮಾತಿನ ನಡುವೆ ಇದನ್ನು ಹೇಳಿದೆ, ನಗುತ್ತಲೇ. ಅವರು ನಗಲಿಲ್ಲ.

"ನಮ್ಮನ್ನ ಮಲಗಿಸೂದು, ಎಚ್ಚರ ಇಡೂದು ಎರಡೂ ಮಿದುಳಿನ ಕೆಲಸ. ಅದು ಹದ ತಪ್ಪಿದ್ರೆ ಹೀಗೆಲ್ಲ ಆಗ್ತದೆ. ಹೊರದೇಶದಲ್ಲಿ ಇದರ ಮೇಲೆ ಸಂಶೋಧನೆ ನಡೀತಿದೆ. ಅದು ಕಾಯಿಲೆ. ಸ್ವಲ್ಪ ಹಿಡಿತಕ್ಕೆ ತರೂಕೆ ಮಾತ್ರೆನೂ ಇದೆ" ಎಂದರು.

ಮರುದಿನವೇ ಕಾಗಾಲಕ್ಕೆ ಹೋದೆ. ದೇವಿ ಅಕ್ಕೋರು ಅಂಗಳದಲ್ಲಿ ಕುಳಿತು ಈರುಳ್ಳಿ ಗೊಂಚಲು ಕಟ್ಟುತ್ತಿದ್ದರು. ಕುಡುಕಿ ಎಂಬ ಹೆಸರು ಅವರಿಗಿಂತ ಮೊದಲೇ ಊರು ಮುಟ್ಟಿತ್ತಂತೆ. ಗೊತ್ತಾಗಿದ್ದ ಮದುವೆಯೂ ಮುರಿದುಬಿತ್ತಂತೆ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ, "ನಂಗೆ ಆಗ ಗೊತ್ತಿರ್ಲಿಲ್ಲ ಅಕ್ಕೋರೇ" ಎಂದು ಅತ್ತೆ.

ಅವರು ಕೈಕೆಲಸ ನಿಲ್ಲಿಸಲಿಲ್ಲ. "ಮಿದುಳಿನ ವಿಷಯ ನಿಂಗೆ ಗೊತ್ತಿರ್ಲಿಲ್ಲ, ಆತು. ನಾ ಕುಡಿಯೂದಿಲ್ಲ ಅನ್ನೂದು ಗೊತ್ತಿತ್ತಲ್ಲ?"

ಡಾಕ್ಟರ ವಿಳಾಸದ ಚೀಟಿಯನ್ನು ಜಗಲಿಯ ಮೇಲಿಟ್ಟು ಎದ್ದು ಬಂದೆ. ಅವರು ಡಾಕ್ಟರ ಹತ್ತಿರ ಹೋದರೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ. ಈಗಲೂ ಹಳೆಯ ವಿದ್ಯಾರ್ಥಿಗಳು ಸಿಕ್ಕಿ, "ನಿಮ್ಮಂಥ ಅಕ್ಕೋರು ಇನ್ನು ಸಿಗೂದಿಲ್ಲ" ಎಂದರೆ ತಲೆ ತಗ್ಗಿಸುತ್ತೇನೆ. ಅವರು ಅದನ್ನು ವಿನಯ ಅಂದುಕೊಳ್ಳುತ್ತಾರೆ.