ಅಕ್ಕನ ಪರವಾಗಿ

ಮುಪ್ಪಿನಲ್ಲಿ ಮನುಷ್ಯನಿಗೆ ಔಷಧಿಗಿಂತ ಹೆಚ್ಚಾಗಿ ಬೇಕಾದದ್ದು ತನ್ನ ಮಾತು ಕೇಳುವ ಒಂದು ಕಿವಿ. ನನಗೆ ಕಿವಿಗಳು ಎರಡಿವೆ. ಕುರುಗೋಡಿನಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ಹೀಗಾಗಿ ಎರಡನ್ನೂ ಹೆಚ್ಚು ಬಳಸದೆ ಹೊಸದರಂತೆ ಇಟ್ಟುಕೊಂಡಿದ್ದೇನೆ.

ಭಾವ ತೀರಿಕೊಂಡು ಏಳು ತಿಂಗಳಾಗಿತ್ತು. ಸಿರುಗುಪ್ಪದಲ್ಲಿ ಅಕ್ಕನದು ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಆದರೂ ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳು. ಮಾತನ್ನಂತೂ ಪೂರ್ತಿ ಬಿಟ್ಟಂತಿತ್ತು. ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ವಯಸ್ಸಾದವರ ಮನಸ್ಸಿನ ಕಷ್ಟ ಕೇಳಲೆಂದೇ ಒಬ್ಬ ಆಪ್ತ ಸಮಾಲೋಚಕಿ ಇದ್ದಾಳೆಂದು ತಿಳಿದು ನಾನೇ ಕರೆದುಕೊಂಡು ಹೋದೆ.

ಬಸ್ಸಿನಲ್ಲಿ ಅಕ್ಕ ಕೇಳಿದಳು: “ತಮ್ಮಾ, ಅಲ್ಲಿ ಎಲ್ಲಾ ಹೇಳಬೋದೇನು?”

“ಎಲ್ಲಾ ಹೇಳಬೇಕು. ಅದಕ್ಕ ಕರಕೊಂಡು ಹೊಂಟೀನಿ.”

ಸಮಾಲೋಚಕಿ ನನ್ನ ಮಗಳ ವಯಸ್ಸಿನವಳು. “ಸರ್, ನೀವು ಸ್ವಲ್ಪ ಹೊರಗ ಕುಂದರ್ರಿ” ಎಂದಳು. ಎದ್ದು ಬಾಗಿಲವರೆಗೂ ಹೋದೆ. ಅಷ್ಟರಲ್ಲಿ ಆಕೆ ಫಾರಂ ತೆಗೆದು, “ಅಮ್ಮಾ, ನಿಮ್ಮ ಯಜಮಾನ್ರ ಹೆಸರು?” ಎಂದು ಕೇಳಿಬಿಟ್ಟಳು.

ಐವತ್ತು ವರ್ಷ ಸಂಸಾರ ಮಾಡಿದ ಅಕ್ಕ ಒಮ್ಮೆಯೂ ಗಂಡನ ಹೆಸರನ್ನು ಬಾಯಿಗೆ ತಂದವಳಲ್ಲ. ರೇಷನ್ ಅಂಗಡಿಯಲ್ಲೂ ಪಕ್ಕದವರ ಮುಖ ನೋಡುತ್ತಿದ್ದಳು. ಈಗ ನನ್ನ ಮುಖ ನೋಡಿದಳು. “ನೀ ಹೇಳಪಾ.”

ಹೇಳಿದೆ. ಹೇಳಿ, ಕುರ್ಚಿ ಎಳೆದುಕೊಂಡು ಕೂತೆ. ಅಕ್ಕ ಒಪ್ಪಿಸಿದ್ದು ಒಂದು ಹೆಸರು ಮಾತ್ರ. ನಾನದನ್ನು ವಕಾಲತ್ತು ಎಂದು ತಿಳಿದೆ.

“ನಿದ್ದಿ ಬರ್ತೈತೇನಮ್ಮಾ?”

“ಬರಂಗಿಲ್ರಿ” ಎಂದೆ ನಾನು.

“ಊಟ?”

“ಎರಡು ತುತ್ತು. ಅಕಿದು ಮೊದಲಿಂದಾನೂ ಕಡಿಮಿನ.”

“ಸರ್, ಅಮ್ಮ ಹೇಳ್ಲಿ. ಮನಸಿನ್ಯಾಗ ಏನರ ಕೊರಿತೈತೇನಮ್ಮಾ?”

ಅಕ್ಕ ಸೆರಗಿನ ತುದಿ ಬಿಟ್ಟು, “ಅವರು ಹೋದ ದಿನ ನಾನು...” ಎಂದಳು.

“ಕೊರಿಯೋ ಅಂಥದ್ದೇನಿಲ್ರಿ” ಎಂದೆ. “ಕೊನೀತನಕ ಛಲೋ ನೋಡಿಕೊಂಡಾಳ. ಊರಿಗೆ ಊರ ಹೇಳ್ತೈತಿ.”

ಅಕ್ಕನಿಗೊಂದು ಪ್ರಮಾಣಪತ್ರ ಕೊಟ್ಟೆ ಎಂದುಕೊಂಡಿದ್ದೆ. ಅಕ್ಕ ಮತ್ತೆ ಸೆರಗಿನ ತುದಿ ಹಿಡಿದುಕೊಂಡಳು. ಪಕ್ಕದವನಿಗೆ ಉತ್ತರ ಹೇಳಿಕೊಡುವ ಹುಡುಗರನ್ನು ನಾನು ಪರೀಕ್ಷೆಯಲ್ಲಿ ಹೇಗೆ ನೋಡುತ್ತಿದ್ದೆನೋ, ಸಮಾಲೋಚಕಿ ಪೆನ್ನು ಕೆಳಗಿಟ್ಟು ನನ್ನನ್ನು ಹಾಗೆ ನೋಡಿದಳು. “ಮುಂದಿನ ತಿಂಗಳು ಅಮ್ಮ ಒಬ್ರ ಒಳಗ ಬರ್ಲಿ.”

ಬರುವಾಗ ಬಸ್ಸಿನಲ್ಲಿ ಕೇಳಿದೆ: “ಆ ದಿನ ಏನಾತಕ್ಕಾ?”

“ಏನಿಲ್ಲಂತ ನೀನ ಹೇಳಿದೆಲ್ಲಪಾ.” ಕಿಟಕಿಯ ಕಡೆ ತಿರುಗಿದಳು.

ಮುಂದಿನ ತಿಂಗಳು ಸಿರುಗುಪ್ಪಕ್ಕೆ ಹೋಗಿ ಕರೆದೆ. ಆಸ್ಪತ್ರೆಯ ಒಳಗೇ ಬರುವುದಿಲ್ಲ, ಗೇಟಿನ ಹತ್ತಿರ ನಿಲ್ಲುತ್ತೇನೆ ಎಂದೆ. ಅಕ್ಕ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. “ನೀನ ಹೋಗಿ ಬಾರಲೇ. ನನ್ನದೆಲ್ಲಾ ನಿನಗ ಬಾಯಿಪಾಠ ಐತಿ.”

ಈಗ ತಿಂಗಳಿಗೆ ಎರಡು ಸಲ ಸಿರುಗುಪ್ಪಕ್ಕೆ ಹೋಗಿ ಅಕ್ಕನ ಎದುರು ಸುಮ್ಮನೆ ಕೂರುತ್ತೇನೆ. ಇಷ್ಟು ವರ್ಷ ಜೋಪಾನ ಮಾಡಿದ ಕಿವಿಗಳನ್ನು ಎರಡೂ ತೆರೆದುಕೊಂಡೇ ಕೂರುತ್ತೇನೆ. ಚಹಾ ಕೊಡುತ್ತಾಳೆ, ನನ್ನ ಮೊಣಕಾಲು ನೋವು ವಿಚಾರಿಸುತ್ತಾಳೆ.

ಅಕ್ಕ ಮತ್ತೆ ಬಳ್ಳಾರಿಗೆ ಹೋಗಲಿಲ್ಲ. ಆ ದಿನದ ಮಾತನ್ನು ಇದುವರೆಗೆ ಯಾರಿಗೂ ಹೇಳಿಲ್ಲ.