ಇಬ್ಬರೂ ಬಂದ ಮೇಲೇ ಕಾಫಿ

ನನ್ನ ತಂಗಿ ನಲವತ್ತು ದಾಟಿದ ಮೇಲೆ ಮದುವೆಯಾಗಿ ವಸಂತಪುರಕ್ಕೆ ಹೋದಳು. ನಾನಿರುವ ಇಟ್ಟಮಡುವಿನಿಂದ ಅದೇನು ಮಹಾ ದೂರವಲ್ಲ, ಆದರೂ ಬರುವುದು ಹಬ್ಬಕ್ಕೊಮ್ಮೆ. ಅವಳ ರೂಮನ್ನು ಹಾಗೇ ಇಟ್ಟುಕೊಂಡಿದ್ದೆ. ಒಂದು ದಿನ ಬೆಳಿಗ್ಗೆ ಫೋನ್ ಮಾಡಿ, ರೂಮು ಯಾಕೆ ಸುಮ್ಮನೆ ಖಾಲಿ ಇರಬೇಕು, ಕೆಲಸಕ್ಕೆ ಹೋಗುವ ಯಾರಾದರೂ ಹುಡುಗಿಗೆ ಬಾಡಿಗೆಗೆ ಕೊಡು, ನಿನಗೂ ಜೊತೆಯಾಗುತ್ತೆ ಎಂದಳು. ಸಂಜೆ ಹೇಳುತ್ತೇನೆ ಎಂದು ಫೋನಿಟ್ಟೆ. ಸಿಟ್ಟು ಬಂದಿತ್ತು. ಜೊತೆ ಬೇಕೆಂದು ನಾನೇನು ಇವಳ ಹತ್ತಿರ ಅರ್ಜಿ ಹಾಕಿದ್ದೆನೇ?

ಕಂಪನಿಗಳಲ್ಲಿ ಕೆಲಸ ಒಬ್ಬರಿಂದ ಒಬ್ಬರಿಗೆ ಹೇಗೆ ಸಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ಬಿಡಿಸುವುದು ನನ್ನ ಉದ್ಯೋಗ, ಮನೆಯಿಂದಲೇ. ಆ ಸಾಫ್ಟ್‌ವೇರಿಗೆ ಸಿಮ್ಯುಲೇಷನ್ ಪ್ಲಗಿನ್ ಎಂಬ ಹೆಚ್ಚುವರಿ ಭಾಗವೊಂದನ್ನು ಹಾಕಿಕೊಳ್ಳಿ ಎಂದು ಆಫೀಸಿನಿಂದ ಹೇಳಿದ್ದರು. ಅದನ್ನು ಹಾಕಿದರೆ ಒಂದು ಚುಕ್ಕೆ ಗೆರೆ ಹಿಡಿದು ಹೋಗುತ್ತಾ ಕೆಲಸ ಎಲ್ಲಿ ನಿಲ್ಲುತ್ತದೆಂದು ತೋರಿಸುತ್ತದೆ.

ಅವತ್ತೇ ಅದರ ಫೈಲನ್ನು ಇಳಿಸಿಕೊಂಡು ಪ್ಲಗಿನ್ ಫೋಲ್ಡರಿಗೆ ಹಾಕಿ, ಸಾಫ್ಟ್‌ವೇರನ್ನು ಮುಚ್ಚಿ ತೆರೆದೆ. ಪರೀಕ್ಷೆಗೆಂದು ನಮ್ಮ ಮನೆಯ ಬೆಳಗಿನ ಕಾಫಿಯನ್ನೇ ಬಿಡಿಸಿದೆ. ನಮ್ಮಲ್ಲೊಂದು ಪದ್ಧತಿಯಿತ್ತು. ನಾನು ಫಿಲ್ಟರಿಗೆ ಬಿಸಿನೀರು ಹಾಕುವುದು, ತಂಗಿ ವಾಕಿಂಗ್ ಮುಗಿಸಿ ಹಾಲು ತರುವುದು, ಇಬ್ಬರೂ ಕೂತ ಮೇಲೇ ಡಿಕಾಕ್ಷನ್‌ಗೆ ಹಾಲು ಬೆರೆಸುವುದು. ಎಷ್ಟೇ ತಲೆ ಸಿಡಿಯುತ್ತಿದ್ದರೂ ಒಬ್ಬಳೇ ಕುಡಿಯುವಂತಿಲ್ಲ. ಅದೇ ರೂಢಿಯಲ್ಲಿ ಎರಡು ಗೆರೆ ಎಳೆದು ಒಂದು ಕಡೆ ಕೂಡಿಸಿದೆ. ಹಾಲಿನ ಗೆರೆ ಯಾರಿಂದ ಶುರುವಾಗಬೇಕೆಂದು ತೋಚಲಿಲ್ಲ, ತುದಿಯನ್ನು ಖಾಲಿ ಬಿಟ್ಟೆ.

ಚುಕ್ಕೆ ಫಿಲ್ಟರ್ ದಾಟಿ, ಗೆರೆಗಳು ಕೂಡುವಲ್ಲಿಗೆ ಬಂದು ನಿಂತುಬಿಟ್ಟಿತು. ಪ್ಲಗಿನ್ ಸರಿಯಾಗಿ ಕೂತಿಲ್ಲವೆಂದು ತೆಗೆದು ಮತ್ತೆ ಹಾಕಿದೆ. ಅದನ್ನು ಮಾಡಿದವರಿಗೆಲ್ಲ ಮನಸ್ಸಿನಲ್ಲೇ ಮಂಗಳಾರತಿ ಎತ್ತಿದೆ. ಮತ್ತೆ ಅಲ್ಲೇ ನಿಂತಿತು. ಕೊನೆಗೆ ಆಫೀಸಿನ ಸಹೋದ್ಯೋಗಿಗೆ ಫೋನ್ ಮಾಡಿ ಸ್ಕ್ರೀನ್ ತೋರಿಸಿದೆ.

"ಪ್ಲಗಿನ್ ಸರಿಯಾಗೇ ಇದೆ ಮೇಡಂ. ಎರಡೂ ಕಡೆಯಿಂದ ಬಂದ್ರೇನೇ ಮುಂದಕ್ಕೆ ಅಂತ ನೀವೇ ಹಾಕಿದ್ದೀರ. ಆ ಕಡೆಯಿಂದ ಹೊರಡೋರೇ ಇಲ್ವಲ್ಲ" ಎಂದ.

ಫೋನಿಟ್ಟು ಮತ್ತೆ ಆ ಚಿತ್ರ ನೋಡಿದೆ. ಈಗಲೂ ಬೆಳಿಗ್ಗೆ ಡಿಕಾಕ್ಷನ್ ಇಳಿದು ತಣ್ಣಗಾಗುವವರೆಗೆ ನಾನು ಹಾಲು ಬೆರೆಸುವುದಿಲ್ಲ. ಯಾರಿಗಾಗಿ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಮನೆಯಲ್ಲಿ ನಾನೊಬ್ಬಳೇ ಎಂಬುದು ಆಗ ನಾಟಿತು, ಅಳು ಬಂತು. ಕಣ್ಣೊರೆಸಿಕೊಂಡು ಗೆರೆಗಳು ಕೂಡುವ ಜಾಗವನ್ನು ಅಳಿಸಿ, ಹಾಲು ತರುವುದನ್ನೂ ನನ್ನ ಗೆರೆಗೇ ಸೇರಿಸಿದೆ. ಚುಕ್ಕೆ ಎಲ್ಲೂ ತಡೆಯದೆ ಕೊನೆ ಮುಟ್ಟಿತು.

ಸಂಜೆ ತಂಗಿಗೆ ಫೋನ್ ಮಾಡಿ, ನೀನು ಹೇಳಿದ್ದೇ ಸರಿ, ರೂಮು ಕೊಟ್ಟುಬಿಡುತ್ತೇನೆ ಎಂದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಮನೆಯ ಕುಕ್ಕರ್ ಕೂಗುವುದು ಕೇಳಿಸಿತು.

"ಕೊಟ್ಬಿಡ್ತೀಯಾ?" ಎಂದಳು ಆಮೇಲೆ. "ನೀನು ಬೇಡ ಅಂತೀಯ ಅಂದ್ಕೊಂಡಿದ್ದೆ ಕಣಕ್ಕ."